ಹಿಂದಿನವರ ಮೊಳೆ

ಕೋಡಿಬಾಗದ ಬಾಡಿಗೆ ಮನೆಯ ಕರಾರು ಬಾಯಿಮಾತಿನದು:
ಹತ್ತನೇ ತಾರೀಖಿನೊಳಗೆ ಬಾಡಿಗೆ,
ಬಾವಿಕಟ್ಟೆಯಲ್ಲಿ ಮೀನು ತೊಳೆಯಕೂಡದು,
ಗೋಡೆಗೆ ಮೊಳೆ ಹೊಡೆಯಕೂಡದು.
ಮೂರನೆಯದನ್ನು ಫಿಲೋಮಿನಾ ಬಾಯಿ ಎರಡು ಸಲ ಹೇಳಿದರು.
ಸುಣ್ಣದ ಗೋಡೆ, ಒಂದು ಪೆಟ್ಟಿಗೆ ಅಂಗೈಯಗಲ ಉದುರುತ್ತದೆ.

ಇದ್ದದ್ದು ಒಂದೇ ಮೊಳೆ, ನಡುಮನೆಯ ಜಂತಿಯಲ್ಲಿ,
ಹಿಂದಿದ್ದವರು ಬಿಟ್ಟುಹೋದದ್ದು.
ತೊಟ್ಟಿಲು ಕಟ್ಟಿದ್ದರೋ, ಬಾಳೆಗೊನೆಯೋ, ಕೇಳಲಿಲ್ಲ.

ಗ್ರೀನ್ ಸ್ಟ್ರೀಟಿನ ಅಂಗಡಿಯಲ್ಲಿ ಗಾಜಿನ ಹಿಂದೆ
ಚಿಪ್ಪಿನ ದೀಪವೊಂದು ತೂಗುತ್ತಿತ್ತು.
ಡಿಪೋದಲ್ಲಿ ಕ್ಯಾಶು ಕಟ್ಟಿ ಖಾಕಿಯಲ್ಲೇ ಒಳಗೆ ಹೋದೆ.
ಸಾವಿರದ ನೂರು ಅಂದ. ಒಂಬೈನೂರ ಮೂವತ್ತಕ್ಕೆ ಇಳಿದ.
ಎಲ್ಲಿಯ ಚಿಪ್ಪು ಅಂತ ಕೇಳಿದೆ.
ಮುಂಬೈ ಮಾಲು ಅಕ್ಕ, ಅದಕ್ಕೂ ಮೊದಲು ಯಾವುದೋ ದ್ವೀಪದ್ದು.
ಎರಡು ಬೀದಿ ದಾಟಿದರೆ ಸಮುದ್ರ.

ನಾನೇ ಮಾಡುತ್ತೇನೆ ಅಂದದ್ದು ಉಲ್ಲಾಸನಿಗೆ, ಊಟಕ್ಕೆ ಕೂತಾಗ.
ಅವನು ಬಳಚಿನ ಸಾರಿನಿಂದ ತಲೆ ಎತ್ತದೆ
ಖಾಲಿ ಚಿಪ್ಪುಗಳನ್ನು ತಟ್ಟೆಯ ಅಂಚಿಗೆ ಸರಿಸಿದ.
ಅವೇ ನನ್ನ ಮೊದಲ ಹನ್ನೊಂದು.

ಉಳಿದವು ಕಾಳಿಯ ಇಳಿತದಲ್ಲಿ, ಸೇತುವೆಯ ಕೆಳಗೆ.
ಮೊಣಕಾಲುದ್ದ ಕೆಸರಲ್ಲಿ ಹೆಂಗಸರು ನಕ್ಕರು:
ಏನು ಕಂಡಕ್ಟರ್ ಬಾಯಿ, ಮಾಂಸ ಬಿಟ್ಟು ಚಿಪ್ಪು ಹೆಕ್ಕುತ್ತೀರಿ?
ಚಿಲ್ಲರೆ, ಅಂದೆ. ಚಿಲ್ಲರೆಗೆ ಯಾವಾಗಲೂ ಬರ.

ಬೈತಖೋಲದಲ್ಲಿ ಬಲೆ ಹೆಣೆಯುವ ತುಕ್ಕಪ್ಪಜ್ಜ
ಹರಿದ ತುಂಡೊಂದನ್ನು ಪುಕ್ಕಟೆ ಕೊಟ್ಟ.
ಈ ಕಣ್ಣಿಗೆ ಬಂಗಡೆ ಸಿಗುತ್ತದೆ, ತಾರ್ಲೆ ತಪ್ಪಿಸಿಕೊಳ್ಳುತ್ತದೆ,
ಬೆಳಕು ಏನು ಮಾಡುತ್ತದೋ ನನಗೆ ಗೊತ್ತಿಲ್ಲ, ಅಂದ.

ಆರನೇ ರವಿವಾರದ ಮೇಲೆ ಕೈಬಿಟ್ಟಿದ್ದೆ.
ಅಂಕೋಲೆಯ ಟ್ರಿಪ್ಪಿನಲ್ಲಿ ಹೆಬ್ಬೆರಳ ಪಟ್ಟಿ ಟಿಕೆಟ್ಟಿಗೆ ಅಂಟಿ
ಹಿಂದಿನ ಸೀಟಿನ ಹುಡುಗಿಗೆ ಎರಡೆರಡು ಹೋಯಿತು.
ಸಂಜೆ ಅದೇ ಗಾಜಿನ ಮುಂದೆ
ಒಂಬೈನೂರ ಮೂವತ್ತು ಮುಷ್ಟಿಯಲ್ಲಿ ಹಿಡಿದು ನಿಂತೆ.
ದೀಪವಿಲ್ಲ. ಯಾರೋ ಒಯ್ದಿದ್ದರು.
ಹೊಸ ಸ್ಟಾಕು ಬರಲು ಹದಿನೈದು ದಿನ.
ಅದಕ್ಕೇ ಮುಗಿಸಿದೆ; ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ಲೆಕ್ಕ ಇಟ್ಟಿದ್ದೇನೆ, ಹಳೇ ವೇಬಿಲ್ಲಿನ ಹಿಂಬದಿಯಲ್ಲಿ:
ಹೋಲ್ಡರು, ವಯರು ನೂರಾ ಎಂಬತ್ತು. ಹಳದಿ ಬಲ್ಬು ನೂರಾ ಇಪ್ಪತ್ತು.
ಗಮ್ಮು ಇನ್ನೂರಾ ನಲವತ್ತು, ಅರ್ಧ ಬೆರಳಿಗೇ ಅಂಟಿತು.
ಡ್ರಿಲ್ಲಿನ ಸೂಜಿ ಮೂರು ಮುರಿದು ತೊಂಬತ್ತು.
ಬ್ಲೀಚಿಂಗ್ ಪುಡಿ ಅರವತ್ತು. ವಾಸನೆ ಹೋಗಲಿಲ್ಲ.
ಕೈ ಕೊಯ್ದುಕೊಂಡು ಇಂಜೆಕ್ಷನ್ನು, ಪಟ್ಟಿ, ನೂರೈವತ್ತು.
ಚೀಲ ಹರಿದ ದಿನ ರಿಕ್ಷಾ ಎಂಬತ್ತು.
ಅಜ್ಜನಿಗೆ ಚಾ, ಬನ್ಸು ಐವತ್ತು.
ಗಂಟು ಹಾಕಲು ಕಲಿಸಿದ್ದಕ್ಕೆ ಏನು ಬರೆಯಲಿ?
ಎಂಟು ರವಿವಾರಕ್ಕೆ ಟಿಕೆಟ್ ಹರಿಯಲಿಲ್ಲ.
ಒಟ್ಟು ಒಂಬೈನೂರ ಎಪ್ಪತ್ತು.

ಅಂಗಡಿಯದಕ್ಕಿಂತ ನಲವತ್ತು ರೂಪಾಯಿ ಹೆಚ್ಚು,
ಅಂಗಡಿಯದರ ಅರ್ಧದಷ್ಟೂ ಚೆಂದವಿಲ್ಲ.
ಜರಡಿಯ ಬಳೆಗೆ ಬಲೆ, ಬಲೆಗೆ ಚಿಪ್ಪು,
ಕುಡಿದು ಕೊನೆಯ ಬಸ್ಸು ಹತ್ತಿದವನ ಹಾಗೆ ಒಂದೇ ಕಡೆ ವಾಲುತ್ತದೆ.
ಉಲ್ಲಾಸ ಸ್ಟೂಲು ಹತ್ತಿ, ಮೊಳೆಯನ್ನು ಜಗ್ಗಿ ನೋಡಿ,
ತೂಗುಹಾಕಿದ.

ಫಿಲೋಮಿನಾ ಬಾಯಿ ಒಂಬತ್ತಕ್ಕೇ ಬಂದರು.
ಮುಸ್ಸಂಜೆ, ಕರೆಂಟು ಹೋಗಿತ್ತು.
ನೋಟು ಎಣಿಸಿ ಮೇಲೆ ನೋಡಿದರು.
ಮೊಳೆ?
ಹಿಂದಿನವರದು.
ಅದೇ ಹೊತ್ತಿಗೆ ಕರೆಂಟು ಬಂತು.

ಬಲೆ ಬಿತ್ತು. ನಾಲ್ಕೂ ಗೋಡೆಗೆ,
ಕ್ಯಾಲೆಂಡರಿಲ್ಲದ, ಫೋಟೋ ಇಲ್ಲದ ಬರಿಯ ಸುಣ್ಣದ ಮೇಲೆ
ಕಣ್ಣು ಕಣ್ಣಾಗಿ ಹರಡಿ, ಮೂಲೆಯಲ್ಲಿ ಮಡಚಿ,
ಅವರ ನರೆತಲೆಯ ಮೇಲೂ.
ಅವರು ಗೋಡೆಯ ಹತ್ತಿರ ಹೋದರು,
ಉದುರಿದೆಯೋ ಅಂತ ಬೆರಳಿಂದ ಮುಟ್ಟಿದರು,
ಮುಟ್ಟಿ ತುಸು ಹೊತ್ತು ಅಲ್ಲೇ ನಿಂತರು.
ಮೀನು ವಾಸನೆ, ಅಂದರು. ಹೋದರು.

ಈಗ ರಾತ್ರಿ ಬಂದು ಅಂಗಿ ಕಳಚುವ ಉಲ್ಲಾಸ
ಬಲೆಯೊಳಗೆ ಅತ್ತಿತ್ತ ಸುಳಿಯುತ್ತ
ಅನ್ನ ಆಯ್ತಾ ಅನ್ನುತ್ತಾನೆ.
ನಲವತ್ತು ರೂಪಾಯಿ ಇನ್ನೂ ತಾಳೆಯಾಗಿಲ್ಲ.
ಡಿಪೋದಲ್ಲಾಗಿದ್ದರೆ ಸಂಬಳದಲ್ಲಿ ಹಿಡಿಯುತ್ತಿದ್ದರು.